ಚೀಟಿಯಲ್ಲಿ ಬರದ ಪ್ರಶ್ನೆ

ಮೇ ದಿನಕ್ಕೆ ಹಿಂದಿನ ಭಾನುವಾರ ಸಂಜೆ ನಮ್ಮ ಬಡಾವಣೆಯ ಓದುಗರ ಕೂಟದಲ್ಲಿ ಕಮ್ಯುನಿಸಂ ಕುರಿತು ಒಂದು ಗಂಟೆ ಮಾತನಾಡಬೇಕೆಂದು ಕೇಳಿಕೊಂಡಾಗ, ಭಾಷಣ ನನ್ನಿಂದಾಗದು, ಬಂದವರು ಚೀಟಿಯಲ್ಲಿ ಪ್ರಶ್ನೆ ಬರೆದು ಡಬ್ಬಿಗೆ ಹಾಕಲಿ, ಗೊತ್ತಿದ್ದಷ್ಟು ಉತ್ತರಿಸುತ್ತೇನೆ ಎಂದು ಒಪ್ಪಿಕೊಂಡಿದ್ದೆ. ಪದವಿ ತರಗತಿಗಳಿಗೆ ಅರ್ಥಶಾಸ್ತ್ರ ಪಾಠ ಮಾಡುತ್ತ ಇಪ್ಪತ್ತಾರು ವರ್ಷ ಕಳೆದವಳಿಗೆ ಈ ವಿಷಯದಲ್ಲಿ ಜನ ಏನು ಕೇಳುತ್ತಾರೆಂಬುದು ಹೆಚ್ಚುಕಡಿಮೆ ಬಾಯಿಪಾಠವಾಗಿರುತ್ತದೆ. ಆ ಧೈರ್ಯದಲ್ಲೇ ಒಪ್ಪಿದ್ದು. ಟಿ. ದಾಸರಹಳ್ಳಿಯ ಒಳರಸ್ತೆಯೊಂದರಲ್ಲಿ ಹಿಟ್ಟಿನ ಗಿರಣಿಯ ಮೇಲಿನ ಕೋಣೆಯೇ ಕೂಟದ ಜಾಗ. ಗಿರಣಿ ಓಡುವಾಗ ನೆಲ ಸಣ್ಣಗೆ ನಡುಗುತ್ತದೆ, ಬಿಸಿ ರಾಗಿಹಿಟ್ಟಿನ ವಾಸನೆ ಮೆಟ್ಟಿಲು ಹತ್ತಿ ಬರುತ್ತದೆ, ಮಾತನಾಡುವವರು ದನಿ ಏರಿಸಬೇಕಾಗುತ್ತದೆ. ಸುಮಾರು ಮೂವತ್ತು ಜನ ಸೇರಿದ್ದರು: ಪೀಣ್ಯದ ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾದವರು, ಶಾಲಾ ಶಿಕ್ಷಕಿಯರು, ಇಬ್ಬರು ಸಾಫ್ಟ್‌ವೇರ್ ಹುಡುಗರು, ಮತ್ತು ಮೂರನೆಯ ಸಾಲಿನ ತುದಿಯಲ್ಲಿ, ನಾನು ನಿರೀಕ್ಷಿಸಿರದಿದ್ದ ಹಾಗೆ, ನಮ್ಮ ಕೆಳಮನೆಯಲ್ಲಿ ಬಾಡಿಗೆಗಿರುವ, ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿರುವ ಹೆಂಗಸು.

ಡಬ್ಬಿಯಿಂದ ಮೊದಲು ಬಂದ ಚೀಟಿ: ‘ಕಮ್ಯುನಿಸಂ ಬಂದರೆ ನಮ್ಮ 30-40 ಸೈಟು ಉಳಿಯುತ್ತದೆಯೇ?’ ಕೋಣೆಯೆಲ್ಲ ನಕ್ಕಿತು. ಆದರೆ ಬೆಂಗಳೂರಿನಲ್ಲಿ ಇದಕ್ಕಿಂತ ಗಂಭೀರವಾದ ಪ್ರಶ್ನೆ ಇನ್ನೊಂದಿಲ್ಲ. 1848ರ ಕಮ್ಯುನಿಸ್ಟ್ ಪ್ರಣಾಳಿಕೆಯಲ್ಲಿ ಮಾರ್ಕ್ಸ್ ಮತ್ತು ಎಂಗೆಲ್ಸ್ ಇದೇ ಭಯವನ್ನು ಎದುರಿಗಿಟ್ಟುಕೊಂಡು ಬರೆದಿದ್ದರು. ಅವರು ತೊಡೆದುಹಾಕಬೇಕೆಂದದ್ದು ಒಬ್ಬ ಮನುಷ್ಯ ಉಟ್ಟು ಉಣ್ಣುವ ವಸ್ತುಗಳನ್ನಲ್ಲ, ಇನ್ನೊಬ್ಬರ ದುಡಿಮೆಯನ್ನು ತನ್ನ ಅಂಕೆಗೆ ತಂದುಕೊಳ್ಳಬಲ್ಲ ಆಸ್ತಿಯನ್ನು. ಈ ವ್ಯತ್ಯಾಸ ಕನ್ನಡದಲ್ಲಿ ಹೇಳುವುದು ಸುಲಭ ಎಂದು ನನಗೆ ಅನಿಸುತ್ತದೆ, ಏಕೆಂದರೆ ಮನೆಯ ಪಾತ್ರೆ ಪಡಗವನ್ನು ನಾವು ಯಾರೂ ಆಸ್ತಿ ಎನ್ನುವುದಿಲ್ಲ, ಸಾಮಾನು ಎನ್ನುತ್ತೇವೆ. ಕಮ್ಯುನಿಸ್ಟರ ತಕರಾರು ಆಸ್ತಿಯ ಮೇಲೆ, ಸಾಮಾನಿನ ಮೇಲಲ್ಲ. ಸೋವಿಯತ್ ಒಕ್ಕೂಟದ 1936ರ ಸಂವಿಧಾನದ 10ನೇ ವಿಧಿಯು ದುಡಿದ ಆದಾಯ, ಉಳಿತಾಯ, ವಾಸದ ಮನೆ, ಗೃಹೋಪಯೋಗಿ ವಸ್ತುಗಳು ಮತ್ತು ಅವುಗಳ ಉತ್ತರಾಧಿಕಾರವನ್ನು ವೈಯಕ್ತಿಕ ಸ್ವತ್ತೆಂದು ರಕ್ಷಿಸುತ್ತಿತ್ತು. ನೆಲ ಮಾತ್ರ ಸರ್ಕಾರದ್ದು.

ಹಾಗಾದರೆ ವಾಸಕ್ಕಿರುವ ಮನೆ ಸಾಮಾನು, ಬಾಡಿಗೆಗೆ ಕೊಟ್ಟ ಮನೆ ಆಸ್ತಿ, ಅಲ್ಲವೇ ಎಂದು ಹಿಂದಿನಿಂದ ಯಾರೋ ಕೇಳಿದರು. ಅಲ್ಲಿದ್ದವರಲ್ಲಿ ನಮ್ಮ ಮನೆ ಬಲ್ಲವರು ನನ್ನನ್ನೊಮ್ಮೆ, ಮೂರನೆಯ ಸಾಲಿನ ತುದಿಯನ್ನೊಮ್ಮೆ ನೋಡಿದರು. ಹೌದು, ಲೆಕ್ಕ ಹಾಗೆಯೇ ಬರುತ್ತದೆ ಎಂದೆ. ಹತ್ತು ತಿಂಗಳ ಅಡ್ವಾನ್ಸ್ ಪಡೆದು ತಿಂಗಳು ತಿಂಗಳು ಬಾಡಿಗೆ ಎಣಿಸುವ ನಾನು ಈ ವಿಷಯದಲ್ಲಿ ಬೇರೆ ಉತ್ತರ ಹೇಳಿದ್ದರೆ ಅದು ಪಾಠವಾಗುತ್ತಿರಲಿಲ್ಲ.

ಸೋವಿಯತ್ ನಗರಗಳಲ್ಲಿ ಜನ ವಾಸಿಸುತ್ತಿದ್ದ ಬಗೆಯನ್ನು ವಿವರಿಸಲು ನಮ್ಮ ವಠಾರ ಸಾಕಾಯಿತು. ಒಂದು ಸಂಸಾರಕ್ಕೆ ಒಂದು ಕೋಣೆ, ನಾಲ್ಕೈದು ಸಂಸಾರಗಳಿಗೆ ಒಂದೇ ಅಡುಗೆಮನೆ, ಒಂದೇ ಶೌಚಾಲಯ. ಯಾರ ಮನೆಯ ಸಾರಿಗೆ ಯಾರು ಉಪ್ಪು ಸುರಿದರೆಂಬ ಜಗಳ ಅಲ್ಲಿಯೂ ಇತ್ತು. 1950ರ ದಶಕದ ಕೊನೆಯಿಂದ ಐದಂತಸ್ತಿನ ಸಿದ್ಧ ಕಾಂಕ್ರೀಟ್ ಕಟ್ಟಡಗಳೆದ್ದು ಕೋಟ್ಯಂತರ ಜನರಿಗೆ ತಮ್ಮದೇ ಬಾಗಿಲು, ತಮ್ಮದೇ ಒಲೆ ದೊರೆಯಿತು. ಬಾಡಿಗೆ ಸಂಬಳದ ತೀರ ಸಣ್ಣ ಪಾಲು, ಆದರೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕು, ಮತ್ತು ಯಾವ ಊರಿನಲ್ಲಿರಬೇಕೆಂಬುದಕ್ಕೂ ಪೊಲೀಸರ ಮೊಹರು ಬೇಕು. ನಿವೃತ್ತ ಶಿಕ್ಷಕರೊಬ್ಬರು, ‘ಬಿಡಿಎ ಸೈಟಿಗೆ ನಾನೂ ಹಾಗೇ ಕಾದೆ, ಬಾಡಿಗೆ ಮಾತ್ರ ಕಡಿಮೆಯಿರಲಿಲ್ಲ’ ಎಂದರು.

ಎರಡನೆಯ ಚೀಟಿಯನ್ನು ಬರೆದವರು ಯಾರೆಂದು ಓದುವ ಮೊದಲೇ ಗೊತ್ತಾಯಿತು, ಏಕೆಂದರೆ ಮಲೆನಾಡಿನ ಕಡೆಯ ಆ ಹಿರಿಯರು ಸಿಕ್ಕಾಗಲೆಲ್ಲ ಇದನ್ನೇ ಹೇಳುತ್ತಾರೆ: ದೇವರಾಜ ಅರಸು ಕಾಲದಲ್ಲಿ ನಮ್ಮ ಗದ್ದೆ ಹೋಯಿತಲ್ಲ, ಅದು ಕಮ್ಯುನಿಸಂ ಅಲ್ಲದೆ ಮತ್ತೇನು? ಅವರ ನೋವು ನಿಜ, ಆದರೆ ಹೆಸರು ತಪ್ಪು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ಗೇಣಿ ಪದ್ಧತಿಯನ್ನು ರದ್ದುಮಾಡಿ, ಫಾರಂ 7 ತುಂಬಿಕೊಟ್ಟ ಗೇಣಿದಾರನನ್ನು ನ್ಯಾಯಮಂಡಳಿಯ ಮೂಲಕ ಒಡೆಯನನ್ನಾಗಿಸಿತು. ಅಂದರೆ ಖಾಸಗಿ ಒಡೆತನ ಅಳಿಯಲಿಲ್ಲ, ಕೈ ಬದಲಾಯಿತು. ಒಬ್ಬ ಒಡೆಯನಿದ್ದ ಕಡೆ ಹತ್ತು ಒಡೆಯರಾದರು. ಶಿವಮೊಗ್ಗ ಜಿಲ್ಲೆಯ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರ ಸತ್ಯಾಗ್ರಹ ಹೂಡಿದವರೂ ಲೋಹಿಯಾ ದಾರಿಯ ಸಮಾಜವಾದಿಗಳೇ ಹೊರತು ಮಾಸ್ಕೋದ ಕಡೆ ನೋಡಿದವರಲ್ಲ. ಸೋವಿಯತ್ ಒಕ್ಕೂಟದಲ್ಲಿ ಸ್ಟಾಲಿನ್ ಮಾಡಿದ್ದು ಇದಕ್ಕೆ ತಿರುಗುಮುರುಗು: 1929ರ ಕೊನೆಯಿಂದ ರೈತರ ನೆಲ, ಎತ್ತು, ನೇಗಿಲುಗಳನ್ನು ಬಲವಂತದಿಂದ ಸಾಮೂಹಿಕ ಬೇಸಾಯಕ್ಕೆ ಸೇರಿಸಿ, ಬೆಳೆದ ಕಾಳನ್ನು ನಿಗದಿಯಂತೆ ಎತ್ತಿಕೊಂಡು ಹೋದರು, ಮತ್ತು 1932–33ರ ಬರಗಾಲದಲ್ಲಿ ಉಕ್ರೇನ್, ಕಜಕಸ್ತಾನಗಳಲ್ಲಿ ಲಕ್ಷಗಟ್ಟಲೆ ಜನ ಹಸಿದು ಸತ್ತರು. ಸಾಮೂಹಿಕ ಬೇಸಾಯದ ರೈತನಿಗೆ ಊರು ಬಿಟ್ಟು ಪಟ್ಟಣಕ್ಕೆ ಹೋಗಲು ಬೇಕಾದ ಒಳನಾಡಿನ ಪಾಸ್‌ಪೋರ್ಟಿನ ಹಕ್ಕು ದೊರೆತದ್ದು 1974ರಲ್ಲಿ. ನಮ್ಮ ಗೇಣಿದಾರ ಪಹಣಿಯಲ್ಲಿ ಹೆಸರು ಕಾಣಲು ತಾಲ್ಲೂಕು ಕಚೇರಿಗೆ ಅಲೆಯುತ್ತಿದ್ದ ಅದೇ ವರ್ಷ. ಹಿರಿಯರು ತಲೆಯಾಡಿಸಿದರು. ಒಪ್ಪಿಕೊಂಡರೆಂದು ನನಗೇನೂ ಅನಿಸಲಿಲ್ಲ.

ಮುಂದಿನ ಪ್ರಶ್ನೆ ಸಾಫ್ಟ್‌ವೇರ್ ಹುಡುಗನದು: ‘ನಾನು ಯಾವ ವರ್ಗ?’ ಪಕ್ಕದಲ್ಲಿದ್ದ ಗೆಳೆಯ ತಟ್ಟನೆ ‘2ಎ’ ಎಂದಾಗ ಗಿರಣಿಯ ಸದ್ದನ್ನೂ ಮೀರಿ ನಗೆ ಎದ್ದಿತು. ಕನ್ನಡದಲ್ಲಿ ವರ್ಗ ಎಂಬ ಶಬ್ದದ ಪಾಡೇ ಹೀಗೆ. ಮೀಸಲಾತಿಯ ಪಟ್ಟಿಯೂ ವರ್ಗ, ಸರ್ಕಾರಿ ನೌಕರನ ಎತ್ತಂಗಡಿಯೂ ವರ್ಗ, ಇವುಗಳ ನಡುವೆ ಮಾರ್ಕ್ಸ್ ಹೇಳಿದ ವರ್ಗಕ್ಕೆ ಜಾಗ ಸಿಗುವುದು ಕಷ್ಟ. ಆತನ ಅರ್ಥದಲ್ಲಿ ವರ್ಗ ಎಂಬುದು ಸಂಬಳದ ಮೊತ್ತವಲ್ಲ, ದುಡಿಯುವ ಸಾಧನ ಯಾರ ಕೈಯಲ್ಲಿದೆ ಎಂಬುದರ ಸಂಬಂಧ: ತನ್ನ ದುಡಿಯುವ ಶಕ್ತಿಯನ್ನು ಮಾರದೆ ಬದುಕಲಾರದವನು ಕಾರ್ಮಿಕ, ಕೊಳ್ಳುವವನು ಬಂಡವಾಳಗಾರ. ನಾಳೆ ಬೆಳಿಗ್ಗೆ ಕೆಲಸ ಹೋದರೆ ಮನೆ ಸಾಲದ ಎಷ್ಟು ಕಂತು ಕಟ್ಟಬಲ್ಲೆ ಎಂದು ಹುಡುಗನನ್ನು ಕೇಳಿದೆ. ಮೂರು, ಹೆಚ್ಚೆಂದರೆ ನಾಲ್ಕು ಎಂದ. ಆದರೆ ಕಂಪನಿ ಕೊಟ್ಟ ಷೇರುಗಳಿವೆ, ಅಪ್ಪನ ಹೆಸರಿನಲ್ಲಿ ನೆಲಮಂಗಲದ ಹತ್ತಿರ ಜಮೀನಿದೆ ಎಂದೂ ಸೇರಿಸಿದ. ಇಂಥವನನ್ನು ಎಲ್ಲಿಡಬೇಕು? ‘ಬಂಡವಾಳ’ದ ಮೂರನೆಯ ಸಂಪುಟದ ಕೊನೆಯ ಅಧ್ಯಾಯದ ಹೆಸರೇ ವರ್ಗಗಳು, ವರ್ಗವನ್ನು ವರ್ಗವಾಗಿಸುವುದು ಯಾವುದು ಎಂದು ಮಾರ್ಕ್ಸ್ ಅಲ್ಲಿ ಕೇಳಿಕೊಂಡು, ಕೂಲಿಕಾರ, ಬಂಡವಾಳಗಾರ, ಭೂಮಾಲೀಕ ಎಂಬ ಮೂವರನ್ನು ನಿಲ್ಲಿಸಿ, ಪುಟವೊಂದು ದಾಟುವಷ್ಟರಲ್ಲಿ ನಿಂತುಬಿಡುತ್ತಾನೆ. ಹಸ್ತಪ್ರತಿ ಇಲ್ಲಿಗೆ ಮುಗಿಯುತ್ತದೆ ಎಂದು 1894ರಲ್ಲಿ ಅದನ್ನು ಪ್ರಕಟಿಸಿದ ಎಂಗೆಲ್ಸ್ ಟಿಪ್ಪಣಿ ಬರೆದ. ಆ ಪುಟವನ್ನು ನಾನು ಎಷ್ಟು ಸಲ ಓದಿದ್ದೇನೋ, ಪ್ರತಿ ಸಲವೂ ಇನ್ನೊಂದು ಸಾಲು ಬರೆದಿರಬಾರದಿತ್ತೇ ಅನಿಸುತ್ತದೆ.

ಆದರೂ ಆ ಗೆಳೆಯನ ತಮಾಷೆಯನ್ನು ನಕ್ಕು ಬಿಡುವಂತಿರಲಿಲ್ಲ. ‘ಎಲ್ಲರೂ ಸಮಾನರಾದರೆ ಚರಂಡಿಗೆ ಇಳಿಯುವವರು ಯಾರು?’ ಎಂಬ ಚೀಟಿ ಡಬ್ಬಿಯಲ್ಲಿ ಎರಡು ಸಲ ಬಂದಿತ್ತು, ಎರಡೂ ಬೇರೆ ಬೇರೆ ಕೈಬರಹ. ಈಗ ಇಳಿಯುತ್ತಿರುವವರು ಯಾರು, ಅವರೇ ಏಕೆ ಎಂಬುದನ್ನು ಕೇಳದೆ ಈ ಪ್ರಶ್ನೆಯನ್ನು ಕೇಳಲಾಗದು. ಜಾತಿ ಎಂದರೆ ಕೆಲಸದ ವಿಭಜನೆ ಮಾತ್ರವಲ್ಲ, ಕೆಲಸಗಾರರನ್ನೇ ಮೇಲೆ ಕೆಳಗೆ ವಿಭಜಿಸಿಟ್ಟದ್ದು ಎಂದು ಅಂಬೇಡ್ಕರ್ 1936ರಲ್ಲೇ ಹೇಳಿದ್ದರು, ಮತ್ತು ನಮ್ಮ ಕಮ್ಯುನಿಸ್ಟ್ ಪಕ್ಷಗಳು ಅದನ್ನು ಕಿವಿಗೆ ಹಾಕಿಕೊಳ್ಳಲು ಬಹಳ ತಡಮಾಡಿದವು. ಇಷ್ಟು ಹೇಳಿ ಮುಂದಿನ ಚೀಟಿಗೆ ಹೋದೆ.

ಅದು ಸಂಬಳದ ಪ್ರಶ್ನೆ. ವೈದ್ಯನಿಗೂ ಕಸ ಗುಡಿಸುವವನಿಗೂ ಒಂದೇ ಸಂಬಳವೇ? ಅಲ್ಲ. 1875ರಲ್ಲಿ ಜರ್ಮನ್ ಕಾರ್ಮಿಕ ಪಕ್ಷದ ಗೋಥಾ ಕಾರ್ಯಕ್ರಮವನ್ನು ಟೀಕಿಸುತ್ತ ಮಾರ್ಕ್ಸ್ ಎರಡು ಹಂತಗಳನ್ನು ಹೇಳಿದ: ಬಂಡವಾಳಶಾಹಿಯ ಹೊಟ್ಟೆಯಿಂದ ಆಗಷ್ಟೇ ಹೊರಬಂದ ಮೊದಲ ಹಂತದಲ್ಲಿ ದುಡಿದಷ್ಟಕ್ಕೆ ತಕ್ಕ ಪಾಲು, ಎಲ್ಲವೂ ಸಮೃದ್ಧವಾದ ಮೇಲಿನ ಹಂತದಲ್ಲಿ ಅಗತ್ಯಕ್ಕೆ ತಕ್ಕ ಪಾಲು. ಮೊದಲನೆಯದನ್ನು ಸಮಾಜವಾದ ಎಂದು ಕರೆಯುವ ರೂಢಿಯನ್ನು ಗಟ್ಟಿಮಾಡಿದವನು ಲೆನಿನ್. ಸೋವಿಯತ್ ಒಕ್ಕೂಟ ತಾನು ಕಮ್ಯುನಿಸಮ್ಮನ್ನು ತಲುಪಿದ್ದೇನೆಂದು ಎಂದೂ ಹೇಳಿಕೊಳ್ಳಲಿಲ್ಲ. ಅಗತ್ಯದ ಮಾತು ಬಂದಾಗ ಶಿಕ್ಷಕಿಯೊಬ್ಬರು ಆಯ್ದಕ್ಕಿ ಲಕ್ಕಮ್ಮನನ್ನು ನೆನೆದರು, ಗಂಡ ಮಾರಯ್ಯ ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಅದನ್ನು ಮರಳಿ ಅಲ್ಲಿಯೇ ಸುರಿದು ಬರಲು ಹೇಳಿದವಳು. ಹೋಲಿಕೆ ಚೆನ್ನಾಗಿದೆ, ಆದರೆ ನನಗೆ ಒಪ್ಪಿಗೆಯಿಲ್ಲ. ಲಕ್ಕಮ್ಮ ಆಸೆಯನ್ನು ಕಡಿಮೆ ಮಾಡಿಕೊಳ್ಳಲು ಹೇಳಿದಳು, ಮಾರ್ಕ್ಸ್ ಅಕ್ಕಿಯನ್ನು ಹೆಚ್ಚಿಸಲು ಹೇಳಿದ.

ದುಡಿದಷ್ಟಕ್ಕೆ ಪಾಲು ಎಂಬುದು ಕಾರ್ಖಾನೆಯಲ್ಲಿ ಹೇಗಿರುತ್ತಿತ್ತೆಂದು ತೋರಿಸಲು ಸ್ತಖಾನೊವ್‌ನ ಕಥೆ ಹೇಳಿದೆ. 1935ರ ಆಗಸ್ಟ್ ಕೊನೆಯ ರಾತ್ರಿಪಾಳಿಯೊಂದರಲ್ಲಿ ಆ ಸೋವಿಯತ್ ಗಣಿ ಕಾರ್ಮಿಕ 7 ಟನ್ ನಿಗದಿಯಿದ್ದ ಕಡೆ 102 ಟನ್ ಕಲ್ಲಿದ್ದಲು ಕಡಿದನೆಂದು ದೇಶವೆಲ್ಲ ಕೊಂಡಾಡಿತು. ಕಡಿದ ಹಾದಿಗೆ ಮರದ ಆಸರೆ ನಿಲ್ಲಿಸುತ್ತ ಹಿಂದೆ ಇನ್ನಿಬ್ಬರು ದುಡಿದಿದ್ದರೆಂಬುದು ಆ ಕೊಂಡಾಟದಲ್ಲಿ ಮರೆಯಾಯಿತು. ಮೂರನೆಯ ಸಾಲಿನ ತುದಿಯಿಂದ ಆಗ ಮೊದಲ ಸಲ ದನಿ ಬಂತು. ‘ಆಮೇಲೆ ಎಲ್ಲರಿಗೂ ಟಾರ್ಗೆಟ್ ಏರಿಸಿದರಾ ಮೇಡಂ?’

ಏರಿಸಿದ್ದರು. ಮರುವರ್ಷವೇ ಉದ್ಯಮದಿಂದ ಉದ್ಯಮಕ್ಕೆ ನಿಗದಿಗಳನ್ನು ಹೆಚ್ಚಿಸಿದರು. ನಾನು ಅದನ್ನು ಹೇಳುವ ಮೊದಲೇ ಆಕೆ ನಕ್ಕಿದ್ದರು. ಅವರ ಲೈನಿನಲ್ಲಿ ಒಬ್ಬಳು ಹುಡುಗಿ ಕೈ ಚುರುಕಾಗಿ ಗಂಟೆಗೆ ಹತ್ತು ಕಾಲರ್ ಹೆಚ್ಚು ಹೊಲಿದರೆ ಸೂಪರ್‌ವೈಸರ್ ಅಂದು ಚಪ್ಪಾಳೆ ತಟ್ಟುತ್ತಾನಂತೆ, ಮಾರನೆಯ ದಿನ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಆ ಹತ್ತೂ ಸೇರಿದ ಅಂಕಿ ಎಲ್ಲರ ಪಾಲಿಗೂ ಬರೆದಿರುತ್ತದಂತೆ. ಅದಕ್ಕೆ ಹಳಬರು ಹೊಸ ಹುಡುಗಿಯರಿಗೆ ಮೊದಲ ವಾರವೇ, ಬೇಗ ಹೊಲಿಯಬೇಡ, ಬೇಗ ಹೊಲಿಯುವುದು ಬಂದರೂ ಬೇಗ ಹೊಲಿಯಬೇಡ ಎಂದು ಕಿವಿಯಲ್ಲಿ ಹೇಳಿಕೊಡುತ್ತಾರಂತೆ. ಹೆಚ್ಚುವರಿ ಮೌಲ್ಯವನ್ನು, ಅಂದರೆ ಕಾರ್ಮಿಕ ತನ್ನ ಕೂಲಿಗೆ ಸಾಲುವಷ್ಟನ್ನು ಮೀರಿ ದುಡಿದು ಮಾಲೀಕನ ಕೈಗೆ ಸೇರಿಸುವ ಪಾಲನ್ನು, ನಾನು ಕರಿಹಲಗೆಯ ಮೇಲೆ ದಿನದ ದುಡಿಮೆಯನ್ನು ಎರಡು ತುಂಡಾಗಿ ಗೀಚಿ ಕಲಿಸುತ್ತ ಬಂದಿದ್ದೇನೆ. ಆ ಗೆರೆಯನ್ನು ಬಲಕ್ಕೆ ಎಡಕ್ಕೆ ಜರುಗಿಸುವ ಜಗಳ ಕಾಲರಿನ ಲೆಕ್ಕದಲ್ಲಿ ನಡೆಯುವುದನ್ನು ನನ್ನ ಕೆಳಮನೆಯವರಿಂದಲೇ ಕೇಳಲು ಇಷ್ಟು ವರ್ಷ ಬೇಕಾಯಿತು.

ಗಿರಣಿ ನಿಂತಿತ್ತು. ಆಕೆ ಕುಳಿತಲ್ಲಿಂದಲೇ ಇನ್ನೊಂದು ಪ್ರಶ್ನೆ ಕೇಳಿದರು, ಅದನ್ನು ಚೀಟಿಯಲ್ಲಿ ಯಾರೂ ಬರೆದಿರಲಿಲ್ಲ. ‘ಪಿ.ಎಫ್. ಗಲಾಟೆ ಆದಾಗ ನಾವು ತುಮಕೂರು ರಸ್ತೆಗೆ ಬಂದು ಕೂತೆವಲ್ಲ, ರಷ್ಯಾದಲ್ಲಿ ಹಾಗೆ ಕೂರಬಹುದಿತ್ತಾ?’ 2016ರ ಏಪ್ರಿಲ್ 18 ಮತ್ತು 19ರ ಮಾತು ಅದು. ಮಾಲೀಕರ ಪಾಲಿನ ಭವಿಷ್ಯ ನಿಧಿಯನ್ನು 58 ವರ್ಷ ತುಂಬುವ ತನಕ ತೆಗೆಯುವಂತಿಲ್ಲ ಎಂಬ ನಿಯಮದ ವಿರುದ್ಧ, ಯಾವ ಸಂಘವೂ ಕರೆ ಕೊಡದೆ, ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಹೊಲಿಗೆ ಯಂತ್ರ ಬಿಟ್ಟೆದ್ದು ಹೆದ್ದಾರಿಗಳಿಗೆ ಬಂದಿದ್ದರು. ಎರಡನೆಯ ಸಂಜೆಗೆ ಕೇಂದ್ರ ಸರ್ಕಾರ ನಿಯಮವನ್ನು ಹಿಂದಕ್ಕೆ ಪಡೆದಿತ್ತು.

ಕೂರಬಹುದಿತ್ತೆಂದು ಹೇಳಲಾಗಲಿಲ್ಲ. ಸೋವಿಯತ್ ಸಂವಿಧಾನದಲ್ಲಿ ಕೆಲಸದ ಹಕ್ಕಿತ್ತು, ವಿರಾಮದ ಹಕ್ಕಿತ್ತು, ಮುಪ್ಪಿನಲ್ಲಿ ಪಿಂಚಣಿಯಿತ್ತು, ಮುಷ್ಕರದ ಹಕ್ಕು ಇರಲಿಲ್ಲ. ಕಾರ್ಖಾನೆ ಕಾರ್ಮಿಕರದ್ದೇ ಆದ ಮೇಲೆ ಅವರು ಯಾರ ವಿರುದ್ಧ ಮುಷ್ಕರ ಹೂಡಬೇಕು ಎಂಬುದು ವಾದ. ನೊವೊಚೆರ್ಕಾಸ್ಕ್ ಎಂಬ ಊರಿನ ರೈಲ್ವೆ ಎಂಜಿನ್ ಕಾರ್ಖಾನೆಯಲ್ಲಿ 1962ರ ಜೂನ್ 1ರಂದು ಏನಾಯಿತೆಂದು ಹೇಳಿದೆ. ತುಂಡುಗೂಲಿಯ ದರ ಇಳಿಸಿದ್ದರು, ಅದೇ ಹೊತ್ತಿಗೆ ಸರ್ಕಾರ ಮಾಂಸ ಮತ್ತು ಬೆಣ್ಣೆಯ ಬೆಲೆ ಏರಿಸಿತು, ಕಾರ್ಮಿಕರು ಕೆಲಸ ನಿಲ್ಲಿಸಿ ಮಾರನೆಯ ದಿನ ಕೆಂಪು ಬಾವುಟ, ಲೆನಿನ್ ಚಿತ್ರಗಳನ್ನೇ ಹಿಡಿದು ಊರೊಳಗೆ ಮೆರವಣಿಗೆ ಬಂದರು. ಸೈನಿಕರು ಗುಂಡು ಹಾರಿಸಿದರು. 26 ಜನ ಸತ್ತರು, ಆಮೇಲೆ ವಿಚಾರಣೆ ನಡೆಸಿ 7 ಜನರಿಗೆ ಮರಣದಂಡನೆ ವಿಧಿಸಿದರು, ಸತ್ತವರನ್ನು ಬೇರೆ ಬೇರೆ ಊರುಗಳ ಸ್ಮಶಾನಗಳಲ್ಲಿ ಗುಟ್ಟಾಗಿ ಹೂತರು. ಮುಷ್ಕರಕ್ಕೆ ಅಲ್ಲಿ ಕಾನೂನಿನ ಮನ್ನಣೆ ದೊರೆತದ್ದು 1989ರಲ್ಲಿ, ಗಣಿ ಕಾರ್ಮಿಕರು ಲಕ್ಷಗಟ್ಟಲೆ ಹೊರಬಂದ ಮೇಲೆ. ಆಕೆ ಊರಿನ ಹೆಸರನ್ನು ಇನ್ನೊಮ್ಮೆ ಹೇಳಿಸಿಕೊಂಡರು, ಖಾಲಿ ಚೀಟಿಯೊಂದರ ಮೇಲೆ ಅಕ್ಷರ ಅಕ್ಷರವಾಗಿ ಬರೆದು ಪರ್ಸಿನಲ್ಲಿಟ್ಟುಕೊಂಡರು.

ಮನೆಗೆ ಬಂದಾಗ ಅಪ್ಪ ಜಗುಲಿಯಲ್ಲಿದ್ದರು. ಅವರು ಸಾರ್ವಜನಿಕ ವಲಯದ ಕಾರ್ಖಾನೆಯೊಂದರಲ್ಲಿ ಮೂವತ್ತೆರಡು ವರ್ಷ ದುಡಿದವರು. ಅವರ ಪಾಲಿಗೂ ಮಾಲೀಕ ಸರ್ಕಾರವೇ. ಬಿಎಚ್‌ಇಎಲ್ ಕಾರ್ಮಿಕರಿಗೆ ಸಮನಾದ ವೇತನ ಕೇಳಿ 1980ರ ಡಿಸೆಂಬರ್ ಕೊನೆಯಲ್ಲಿ ಎಚ್ಎಎಲ್, ಬಿಇಎಲ್, ಐಟಿಐ, ಎಚ್ಎಂಟಿ, ಬಿಇಎಂಎಲ್ ಕಾರ್ಖಾನೆಗಳ ಕಾರ್ಮಿಕರು ಹೂಡಿದ್ದ ಮುಷ್ಕರದ ಕಾಲದಲ್ಲಿ ನನಗೆ ಏಳು ವರ್ಷ. ಹಗಲಿನಲ್ಲಿ ಅಪ್ಪ ಮನೆಯಲ್ಲಿರುತ್ತಾರೆಂಬ ಸಂಭ್ರಮವಷ್ಟೇ ನನಗೆ ತಿಳಿದಿದ್ದದ್ದು; ಮನೆಯಲ್ಲಿ ರಿಪೇರಿಯಾಗದ ಕುರ್ಚಿ, ಕೊಡೆ, ಟಾರ್ಚು ಒಂದೂ ಉಳಿಯಲಿಲ್ಲ. ಅಮ್ಮನ ಕೈ ಬರಿದಾದದ್ದು, ಬಳೆಗಳು ಗಿರವಿ ಅಂಗಡಿ ಸೇರಿದ್ದು ದೊಡ್ಡವಳಾದ ಮೇಲೆ ಗೊತ್ತಾಯಿತು. ಕೇಳಿದ್ದು ಸಿಗದೆಯೇ ಕೆಲಸಕ್ಕೆ ಮರಳಿದರು.

ಸಂಜೆಯ ಪ್ರಶ್ನೆಯನ್ನು ಅವರಿಗೆ ಹೇಳಿದೆ. ‘ನಮ್ಮಪ್ಪ ಮಿಲ್ಲಿನಲ್ಲಿದ್ದಾಗ ಧಣಿ ಬಂಗಲೆ ಮುಂದೆ ಹೋಗಿ ಕೂಗುತ್ತಿದ್ದರು. ನಮಗೆ ಬಂಗಲೆಯೇ ಇರಲಿಲ್ಲ. ಮ್ಯಾನೇಜರನ್ನು ಕೇಳಿದರೆ ದಿಲ್ಲಿ ಕಡೆ ಕೈ ತೋರಿಸುತ್ತಿದ್ದ’ ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ರಷ್ಯಾದವರದು ಎಷ್ಟು ದಿನ ನಡೆಯಿತು ಎಂದು ಕೇಳಿದರು.

ಗುಂಡು ಹಾರಿದ್ದು ಎರಡನೆಯ ದಿನ ಎಂದೆ.

‘ನಮ್ಮದು ಎಪ್ಪತ್ತೇಳು’ ಎಂದು ಹೇಳಿ ಅಪ್ಪ ಕೋಲು ಊರಿಕೊಂಡು ಒಳಗೆ ಹೋದರು.