ಇನ್ನೊಂದು ಅಳಿಲು

ಶಾಂತಳ್ಳಿಯಲ್ಲಿ ಆಷಾಢದ ಮಳೆ ಹಿಡಿದರೆ ಕರೆಂಟು ಹೋಗುವುದನ್ನು ಯಾರೂ ಮಾತಿಗೆ ತೆಗೆಯುವುದಿಲ್ಲ. ಆ ಜುಲೈನಲ್ಲಿ ಸಿಲ್ವರ್ ಮರವೊಂದು ತಂತಿಯ ಮೇಲೆ ಒರಗಿ ಮೂರು ದಿನವಾಗಿತ್ತು. ದೊಡ್ಡಪ್ಪನ ಇಸ್ಪೀಟಿನ ಜೊತೆಗಾರರು ಹಳ್ಳ ದಾಟಲಾಗದೆ ಅವರವರ ಮನೆಯಲ್ಲೇ ಉಳಿದಿದ್ದರು. ‘ಇಪ್ಪತ್ತೆಂಟು’ ಎಂಬ ಇಸ್ಪೀಟಾಟ ಆಡಲು ನಾಲ್ವರು ಬೇಕು. ಇದ್ದವರು ನಾವಿಬ್ಬರು, ಅದರಲ್ಲೂ ನನಗೆ ತುರುಫಿನ ಲೆಕ್ಕ ಇವತ್ತಿಗೂ ತಲೆಗೆ ಹತ್ತಿಲ್ಲ. ಲ್ಯಾಪ್‌ಟಾಪಿನಲ್ಲಿ ಅರ್ಧ ಚಾರ್ಜ್ ಇತ್ತು. ಎಂದೋ ಕೊಂಡು, ತೆರೆಯದೆ ಬಿಟ್ಟಿದ್ದ ‘ಇನ್‌ಸ್ಕ್ರಿಪ್ಷನ್’ ಎಂಬ, ಎಲೆಗಳಲ್ಲಿ ಆಡುವ ಕಂಪ್ಯೂಟರ್ ಆಟವೂ ಇತ್ತು.

ಮೊದಲ ಪರದೆಯಲ್ಲೇ ಒಂದು ಕಸಿವಿಸಿ. ‘ಹೊಸ ಆಟ’ ಎಂಬುದನ್ನು ಒತ್ತಲು ಬರುವುದಿಲ್ಲ, ‘ಮುಂದುವರಿಸು’ ಮಾತ್ರ. ನಾನು ಶುರುವೇ ಮಾಡದ ಆಟವನ್ನು ಮುಂದುವರಿಸುವುದು ಹೇಗೆ? ಒತ್ತಿದರೆ ಮರದ ಕೋಣೆ, ಒಂದು ಮೇಜು, ಎದುರು ಕತ್ತಲೆಯಲ್ಲಿ ಎರಡು ಕಣ್ಣುಗಳು.

ದೊಡ್ಡಪ್ಪ ಮೇಣದ ಬತ್ತಿಯನ್ನು ಪಕ್ಕಕ್ಕೆ ಸರಿಸಿ ಬಗ್ಗಿದರು. “ಇದೆಂಥ ಇಸ್ಪೀಟು? ರಾಜನೂ ಇಲ್ಲ, ರಾಣಿಯೂ ಇಲ್ಲ.”

ಇರುವುದೆಲ್ಲ ಪ್ರಾಣಿಗಳು. ತೋಳವನ್ನು ಇಳಿಸಬೇಕಾದರೆ ಎರಡು ಹನಿ ರಕ್ತ ಬೇಕು, ಅಂದರೆ ಮೇಜಿನ ಮೇಲಿರುವ ಎರಡು ಜೀವವನ್ನು ಕೊಡಬೇಕು. ಅದಕ್ಕೆಂದೇ ಅಳಿಲುಗಳ ಕಟ್ಟೊಂದು ಬೇರೆಯೇ ಇದೆ. ಅವು ಕಚ್ಚುವುದಿಲ್ಲ, ಸಾಯಲಷ್ಟೇ ಬರುತ್ತವೆ. ಮೊದಲ ಅಳಿಲನ್ನು ಕೊಟ್ಟಾಗ ದೊಡ್ಡಪ್ಪ, “ಪಾಪ, ಅದೇನು ಮಾಡಿತ್ತು?” ಎಂದರು. ಏಲಕ್ಕಿ ತಿನ್ನುವ ಅಳಿಲಿಗೆ ಕಲ್ಲು ಬೀರುವ ಮನುಷ್ಯ ಇವರು.

2018ರ ಡಿಸೆಂಬರಿನಲ್ಲಿ ಲೂಡಮ್ ಡೇರ್ ಎಂಬ ವಾರಾಂತ್ಯದ ಆಟ ಕಟ್ಟುವ ಸ್ಪರ್ಧೆಯ ವಿಷಯವೇ ‘ಬಲಿ ಕೊಡಲೇಬೇಕು’ ಎಂದಿತ್ತು. ಡೇನಿಯಲ್ ಮುಲಿನ್ಸ್ ಅದಕ್ಕೆ ಮಾಡಿದ ಪುಟ್ಟ ಆಟ ಬೆಳೆದು 2021ರಲ್ಲಿ ಇದಾಯಿತು. ಬಲಿಯ ಲೆಕ್ಕ ಅಲ್ಲಿಂದಲೇ ಬಂದದ್ದು.

ಗೆಲುವು ಸೋಲನ್ನು ತೂಗುವುದು ಒಂದು ತಕ್ಕಡಿ. ಕೊಟ್ಟ ಏಟಿಗೆ ತಟ್ಟೆಗೆ ಹಲ್ಲುಗಳು ಬೀಳುತ್ತವೆ. ಒಂದು ಕಡೆ ಐದು ಹೆಚ್ಚಾದರೆ ಮುಗಿಯಿತು. ಕೈಯಲ್ಲಿ ಏನೂ ಇಲ್ಲದಾಗ ಇಕ್ಕಳ ಹಿಡಿದು ನಮ್ಮದೇ ಹಲ್ಲು ಕಿತ್ತು ಹಾಕಬಹುದು. ನಾನು ಹಾಕಿದೆ. ಹಿಂದಿನ ತಿಂಗಳಷ್ಟೇ ದವಡೆ ಹಲ್ಲು ಕೀಳಿಸಿಕೊಂಡಿದ್ದ ದೊಡ್ಡಪ್ಪ ಮಾತಿಲ್ಲದೆ ಕೆನ್ನೆ ಹಿಡಿದುಕೊಂಡರು.

ಎರಡನೆಯ ಕಾದಾಟ ಮುಗಿದಾಗ ಅವರೇ ಕೇಳಿದರು: “ಎದ್ದು ಓಡಾಡಲು ಆಗುವುದಿಲ್ಲವೇ? ನಮ್ಮಲ್ಲಿ ಸೋಲುವವನು ನೀರು ಕುಡಿಯುವ ನೆಪದಲ್ಲಿ ಎದ್ದು ಸುತ್ತಲೂ ನೋಡಿ ಬರುತ್ತಾನೆ.” ನಕ್ಕು ಗುಂಡಿ ಒತ್ತಿದೆ. ಎದ್ದೇಬಿಟ್ಟೆ! ಕೋಣೆಯಲ್ಲಿ ಗಡಿಯಾರ, ಬೀಗ ಹಾಕಿದ ತಿಜೋರಿ, ತೆರೆಯದ ಬಾಗಿಲು. ತಿರುಗಿ ನೋಡಿದರೆ ಆ ಕಣ್ಣುಗಳು ಮೇಜಿನಾಚೆ ಕಾಯುತ್ತಿದ್ದವು. ಹೊರಗೆ ಅಡಿಕೆ ಸೋಗೆಯೊಂದು ದಪ್ಪನೆ ಬಿತ್ತು. ಇಬ್ಬರೂ ಬಾಗಿಲ ಕಡೆ ನೋಡಿದೆವು.

ಕೊನೆಗೆ ಸೋತೆ. ಸೋತವನ ಫೋಟೋ ತೆಗೆದು ಅವನನ್ನೇ ಒಂದು ಎಲೆಯಾಗಿಸುವುದು ಅಲ್ಲಿನ ಕ್ರಮ. ಆ ಎಲೆಗೆ ತೋಳದ ಬೆಲೆಯನ್ನೇ, ಎರಡು ಹನಿ ರಕ್ತವನ್ನೇ, ಆರಿಸಿಕೊಂಡೆ. ಹೆಸರು ಕೇಳಿತು.

“ಕರಿಯ ಅಂತ ಬರೆ,” ಎಂದರು ದೊಡ್ಡಪ್ಪ.

ಕರಿಯನನ್ನು ಎರಡು ವರ್ಷದ ಹಿಂದೆ ಚಿರತೆ ಅಂಗಳದಿಂದಲೇ ಹೊತ್ತೊಯ್ದಿತ್ತು. ಸರಪಳಿಯ ತುಂಡು ಇನ್ನೂ ಕಂಬದಲ್ಲೇ ಇದೆ. ಕೊಡಗಿನ ದೇವರಕಾಡುಗಳಲ್ಲಿ ಅಯ್ಯಪ್ಪನ ಮುಂದೆ ಹರಕೆಯ ಮಣ್ಣಿನ ನಾಯಿಗಳು ಸಾಲಾಗಿ ಕೂತಿರುತ್ತವೆ. ಕರಿಯನ ಹೆಸರಿನಲ್ಲಿ ನಾವು ಅದನ್ನೂ ಮಾಡಿರಲಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಬರೆದೆ.

ಮತ್ತೆ ಶುರು. ಚಾರ್ಜ್ ಆರು ಪರ್ಸೆಂಟಿಗೆ ಇಳಿದಿತ್ತು. ಆಯ್ದುಕೊಳ್ಳಲು ಬಂದ ಮೂರು ಎಲೆಗಳಲ್ಲಿ ಒಂದು ಕರಿಯ. ಮುಂದಿನ ಕಾದಾಟದಲ್ಲೇ ಅದು ಕೈಗೆ ಬಂತು. ಮೇಜಿನ ಮೇಲೆ ಒಂದೇ ಅಳಿಲು.

ದೊಡ್ಡಪ್ಪ ನನ್ನ ಭುಜ ಒತ್ತಿದರು. “ಇನ್ನೊಂದು ಅಳಿಲು ತೆಗೆ, ಬೇಗ.”