ಎಷ್ಟು ರಕ್ತ ಹೋಗಿದೆ, ಸಿಸ್ಟರ್?

ರಾತ್ರಿ ಹೊತ್ತು ಹೆರಿಗೆ ವಾರ್ಡಿನಿಂದ ಫೋನ್ ಬಂದರೆ ನಾನು ಮೊದಲು ಕೇಳುವುದು ಇದನ್ನೇ. ಅರಿವಳಿಕೆ ವೈದ್ಯೆಯಾಗಿ ಕೆಲಸ ಶುರು ಮಾಡಿದ ಹೊಸದರಲ್ಲಿ ಸಿಗುತ್ತಿದ್ದ ಉತ್ತರವೂ ಒಂದೇ: "ಸ್ವಲ್ಪ ಜಾಸ್ತಿ ಹೋಗ್ತಿದೆ ಮೇಡಂ, ಆದ್ರೆ ಬಿಪಿ ಚೆನ್ನಾಗಿದೆ." ಬಿಪಿ ಚೆನ್ನಾಗಿದೆ ಅನ್ನುವ ಮಾತಿಗೆ ನನಗೆ ಈಗಲೂ ಭಯ.

ಬಸುರಿಯ ಮೈಯಲ್ಲಿ ರಕ್ತ ಮೊದಲಿಗಿಂತ ಜಾಸ್ತಿ ಇರುತ್ತದೆ, ವಯಸ್ಸೂ ಚಿಕ್ಕದು. ಒಂದು ಲೀಟರ್ ಹೋದರೂ ಬಿಪಿ ಹಾಗೇ ನಿಂತಿರಬಹುದು, ನಾಡಿ ಮಾತ್ರ ಓಡುತ್ತಿರುತ್ತದೆ, ಆಮೇಲೆ ಒಮ್ಮೆಗೇ ಎಲ್ಲ ಕುಸಿಯುತ್ತದೆ. ದಿನ ತುಂಬಿದಾಗ ಗರ್ಭಕೋಶಕ್ಕೆ ನಿಮಿಷಕ್ಕೆ 500ರಿಂದ 700 ಮಿಲಿ ರಕ್ತ ಹರಿಯುತ್ತದೆ. ಮಾಸು ಬಿದ್ದ ಮೇಲೆ ಗರ್ಭಕೋಶ ಗಟ್ಟಿಯಾಗಿ ಮುದುಡದಿದ್ದರೆ ನಮಗಿರುವ ಸಮಯ ಎಷ್ಟು ಅಂತ ನೀವೇ ಲೆಕ್ಕ ಹಾಕಿ.

ಆ ದಿನಗಳ ಒಬ್ಬ ಬಾಣಂತಿ ನನಗೆ ಮರೆತೇ ಇಲ್ಲ. ಚೊಚ್ಚಲು ಹೆರಿಗೆ. ಕೇಸ್ ಶೀಟಿನಲ್ಲಿ ಹೋದ ರಕ್ತ 400 ಮಿಲಿ ಅಂತ ಬರೆದಿತ್ತು. ನಾನು ಹೋಗಿ ಕೈ ಮುಟ್ಟಿದರೆ ತಣ್ಣಗಿತ್ತು, ನಾಡಿ 140. ಬಟ್ಟೆ ಎತ್ತಿ ನೋಡಿದರೆ ಕೆಳಗಿನ ಹಾಸಿಗೆಯೇ ತೊಯ್ದಿತ್ತು. ಆಕೆ ಬದುಕಿದಳು, ಆದರೆ ಗರ್ಭಕೋಶ ತೆಗೆಯಬೇಕಾಯಿತು. ಅಲ್ಲಿದ್ದವರು ಯಾರೂ ಸೋಮಾರಿಗಳಲ್ಲ. ಮಗುವಿನ ಸುತ್ತಲಿದ್ದ ನೀರು, ರಕ್ತ ಎಲ್ಲ ಬೆರೆತಾಗ ಕಣ್ಣಿನ ಅಂದಾಜು ತಪ್ಪುತ್ತದೆ, ಅದೂ ಹೆಚ್ಚಾಗಿ ಕಡಿಮೆ ಕಡೆಗೇ.

ಇದಕ್ಕೆ ಸಿಕ್ಕ ಉತ್ತರ ಒಂದು ಪ್ಲಾಸ್ಟಿಕ್ ಹಾಳೆ. ತಾಯಿಯ ಕೆಳಗೆ ಹಾಸುವುದು, ತುದಿಯಲ್ಲಿ ಗೆರೆ ಹಾಕಿದ ಚೀಲ, ರಕ್ತ ಅದರೊಳಗೆ ಇಳಿಯುತ್ತದೆ, ಗೆರೆ ನೋಡಿ ಓದುವುದು. ಅಷ್ಟೇ. ಇದರ ಕಥೆಯಲ್ಲಿ ನಮ್ಮ ಬೆಳಗಾವಿ ಇದೆ! ಅಲ್ಲಿನ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜಿನವರು ಅಮೆರಿಕದ ಸಂಶೋಧಕರ ಜೊತೆ ಸೇರಿ ಹಳ್ಳಿಗಳ 1,620 ಹೆರಿಗೆಗಳಲ್ಲಿ ಗರ್ಭಕೋಶ ಮುದುಡಿಸುವ ಮಿಸೋಪ್ರೊಸ್ಟಾಲ್ ಮಾತ್ರೆಯನ್ನು ಪರೀಕ್ಷಿಸಿದರು, ರಕ್ತ ಅಳೆಯಲು ಇಂಥ ಹಾಳೆಯನ್ನೇ ಬಳಸಿದರು. ಮಾತ್ರೆ ಕೊಟ್ಟವರು ಹಳ್ಳಿಗಳಲ್ಲಿ ಹೆರಿಗೆ ನೋಡಿಕೊಳ್ಳುವ ಎಎನ್‌ಎಂ ಸಿಸ್ಟರ್‌ಗಳು. ಅತಿ ರಕ್ತಸ್ರಾವ ಶೇ. 12ರಿಂದ 6.4ಕ್ಕೆ ಇಳಿಯಿತು. ಇದು 2006ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬಂತು.

ಅಳೆದ ಮೇಲೆ ಏನು ಮಾಡಬೇಕು ಅನ್ನುವುದು ಗಟ್ಟಿಯಾಗಿ ಗೊತ್ತಾಗಿದ್ದು 2023ರಲ್ಲಿ. ಕೀನ್ಯಾ, ನೈಜೀರಿಯಾ, ತಾಂಜಾನಿಯಾ, ದಕ್ಷಿಣ ಆಫ್ರಿಕಾಗಳ 80 ಆಸ್ಪತ್ರೆ, 2 ಲಕ್ಷಕ್ಕೂ ಹೆಚ್ಚು ತಾಯಂದಿರು. ಇ-ಮೋಟಿವ್ ಅಂತ ಅಧ್ಯಯನದ ಹೆಸರು. ಮೊದಲೆಲ್ಲ ನಾವು ಒಂದು ಮದ್ದು ಕೊಟ್ಟು ಕಾಯುತ್ತಿದ್ದೆವು, ಆಗದಿದ್ದರೆ ಇನ್ನೊಂದು. ಅವರು ಹಾಳೆ ಹಾಸಿ, ರಕ್ತ ಅಪಾಯದ ಗೆರೆ ದಾಟಿದ ಕೂಡಲೇ ಹೊಟ್ಟೆಯ ಮೇಲಿಂದ ಗರ್ಭಕೋಶ ಉಜ್ಜುವುದು, ಅದನ್ನು ಮುದುಡಿಸುವ ಆಕ್ಸಿಟೋಸಿನ್, ರಕ್ತ ಹೆಪ್ಪು ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್, ಡ್ರಿಪ್, ಎಲ್ಲಿಂದ ರಕ್ತ ಬರುತ್ತಿದೆ ಅಂತ ಪರೀಕ್ಷೆ, ಎಲ್ಲವನ್ನೂ ಒಟ್ಟಿಗೇ ಮಾಡಿದರು. ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯುವುದು, ಸಾವು, ಮೂರೂ ಸೇರಿದ ಲೆಕ್ಕ ಶೇ. 60ರಷ್ಟು ತಗ್ಗಿತು. ಹೊಸ ಯಂತ್ರ ಇಲ್ಲ, ಹೊಸ ಮದ್ದೂ ಇಲ್ಲ. ಓದಿ ಮುಗಿಸಿದಾಗ ನನಗೆ ಆ ಚೊಚ್ಚಲು ಬಾಣಂತಿಯೇ ನೆನಪಾದಳು.

2025ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 500 ಮಿಲಿ ಆಗಲಿ ಅಂತ ಕಾಯಬೇಡಿ, 300 ದಾಟಿ ನಾಡಿ ಅಥವಾ ಬಿಪಿ ಏರುಪೇರಾಗಿದ್ದರೆ ಆಗಲೇ ಶುರು ಮಾಡಿ ಅಂತ.

ಈಗ ನಮ್ಮ ವಾರ್ಡಿನ ಫೋನ್ ಹೀಗಿರುತ್ತದೆ: "350 ಮೇಡಂ, ಪಲ್ಸ್ 118, ಟ್ರಾನೆಕ್ಸಾ ಹೋಗ್ತಿದೆ, ಬ್ಲಡ್ ಬ್ಯಾಂಕಿಗೂ ಹೇಳಿದ್ದೀವಿ." ನಾನು ಮೆಟ್ಟಿಲು ಇಳಿಯುವಷ್ಟರಲ್ಲಿ ಅರ್ಧ ಕೆಲಸ ಆಗಿರುತ್ತದೆ. ಹೋದ ತಿಂಗಳು ಹಾಳೆಗಳ ಸ್ಟಾಕ್ ಮುಗಿದಿತ್ತು, ನಾನು ಸಿಟ್ಟಿನಲ್ಲೇ ವಾರ್ಡಿಗೆ ಹೋದೆ. ಸಿಸ್ಟರ್ ಒದ್ದೆಯಾದ ಪ್ಯಾಡುಗಳನ್ನೆಲ್ಲ ಕವರಿಗೆ ಹಾಕಿ, ಮಗುವಿನ ತೂಕ ನೋಡುವ ತಕ್ಕಡಿಯಲ್ಲಿಟ್ಟು, ಗ್ರಾಂ ಲೆಕ್ಕ ಬರೆದುಕೊಳ್ಳುತ್ತಿದ್ದರು.