ಮೊದಲು ಪತ್ರಿಕೆ, ಆಮೇಲೆ ಹಾರಾಟ: ಬಳ್ಳಾರಿಯಿಂದ ಸಿಪಿಎಲ್ ಸಿದ್ಧತೆ

ಕಮರ್ಷಿಯಲ್ ಪೈಲಟ್ ಪರವಾನಗಿಯ (ಸಿಪಿಎಲ್) ಪರೀಕ್ಷೆಗಳಲ್ಲಿ ಹವಾಮಾನಶಾಸ್ತ್ರ ಮತ್ತು ವಾಯುಯಾನ ನಿಯಮಗಳ ಪತ್ರಿಕೆಗಳು ಪಾಸಾಗಿವೆ, ನ್ಯಾವಿಗೇಶನ್ (ಹಾರಾಟದ ದಾರಿ, ದಿಕ್ಕು, ಸಮಯದ ಲೆಕ್ಕ) ಬಾಕಿ ಇದೆ. ಹಾರಾಟದ ಶಾಲೆಗೆ ಇನ್ನೂ ಒಂದು ರೂಪಾಯಿಯನ್ನೂ ಕಟ್ಟಿಲ್ಲ. ನ್ಯಾವಿಗೇಶನ್ ಕೈಗೆ ಬರುವವರೆಗೆ ಕಟ್ಟುವುದೂ ಇಲ್ಲ. ಕೌಲ್ ಬಜಾರಿನಲ್ಲಿ ಪರಿಚಯದವರು ಸಿಕ್ಕಾಗಲೆಲ್ಲ "ಯಾವ ಶಾಲೆ, ಎಲ್ಲಿ?" ಎಂದೇ ಮೊದಲು ವಿಚಾರಿಸುತ್ತಾರೆ. ಯಾವುದರ ನಂತರ ಯಾವುದು ಎಂಬುದು ಅದಕ್ಕಿಂತ ಮೊದಲು ತೀರ್ಮಾನವಾಗಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕಾರಣ ನಿಯಮದಲ್ಲೇ ಇದೆ. ಈ ಪರವಾನಗಿಗೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ) ಕೇಳುವುದು ಕನಿಷ್ಠ 200 ಗಂಟೆಗಳ ಹಾರಾಟ. ಅದರಲ್ಲಿ 100 ಗಂಟೆ ಪೈಲಟ್ ಇನ್ ಕಮಾಂಡ್, ಅಂದರೆ ವಿಮಾನದ ಪೂರ್ತಿ ಹೊಣೆ ಹೊತ್ತ ಪೈಲಟ್ ಆಗಿ ಹಾರಿರಬೇಕು. ರಾತ್ರಿ ಹಾರಾಟದ 5 ಗಂಟೆಯ ಷರತ್ತಿನಲ್ಲಿ 10 ಟೇಕಾಫ್, 10 ಲ್ಯಾಂಡಿಂಗ್ ಅರ್ಜಿ ಹಾಕುವ ಮುಂಚಿನ ಆರು ತಿಂಗಳೊಳಗೇ ನಡೆದಿರಬೇಕು. ಅಂದರೆ ಹಾರಿದ ಗಂಟೆಗಳಿಗೂ ವಯಸ್ಸಾಗುತ್ತದೆ. ಗಂಟೆಗಳೆಲ್ಲ ಮುಗಿದು ಒಂದು ಪತ್ರಿಕೆ ಉಳಿದುಕೊಂಡರೆ, ಅದೇ ಹಾರಾಟವನ್ನು ಮತ್ತೆ ದುಡ್ಡು ಕೊಟ್ಟು ಹಾರಬೇಕಾದ ಪರಿಸ್ಥಿತಿ ಬರಬಹುದು. ಪತ್ರಿಕೆಗಳನ್ನು ಮನೆಯಲ್ಲಿ ಕುಳಿತು ಓದಬಹುದು. ವಿಮಾನದ ಗಂಟೆಗೆ ತೆರುವ ದುಡ್ಡಿನ ಮುಂದೆ ಪುಸ್ತಕದ ಖರ್ಚು ಏನೇನೂ ಅಲ್ಲ.

ಇವೆಲ್ಲಕ್ಕಿಂತ ಮೊದಲಿನದು ವೈದ್ಯಕೀಯ ಪರೀಕ್ಷೆ. ಸ್ಟೂಡೆಂಟ್ ಪೈಲಟ್ ಲೈಸೆನ್ಸಿಗೆ ಎರಡನೇ ದರ್ಜೆ ಸಾಕು, ಆದರೆ ಸಿಪಿಎಲ್‌ಗೆ ಮೊದಲ ದರ್ಜೆ ಬೇಕು. ಎರಡನೆಯದು ಮುಗಿದ ಕೂಡಲೇ ಬೆಂಗಳೂರಿನ ವಾಯುಪಡೆಯ ಏರೋಸ್ಪೇಸ್ ವೈದ್ಯಕೀಯ ಸಂಸ್ಥೆಯಲ್ಲಿ ಮೊದಲ ದರ್ಜೆಯನ್ನೂ ಮುಗಿಸಿಕೊಂಡೆ. ಬಣ್ಣ ಗುರುತಿಸುವುದರಲ್ಲಿ ಅಥವಾ ಹೃದಯದಲ್ಲಿ ಏನಾದರೂ ತೊಂದರೆ ಇದ್ದರೆ ಅದು ಬ್ಯಾಂಕಿನ ಸಾಲ ಮಂಜೂರಾಗುವ ಮುಂಚೆಯೇ ತಿಳಿಯಲಿ. ಅಪ್ಪನ ಜೀನ್ಸ್ ಹೊಲಿಗೆ ಘಟಕವನ್ನು ಅಡವಿಟ್ಟ ಮೇಲೆ ತಿಳಿಯಬಾರದು.

ಓದಿನ ವಿಷಯಕ್ಕೆ ಬಂದರೆ, ಹವಾಮಾನಶಾಸ್ತ್ರಕ್ಕೆ ಬಳ್ಳಾರಿಯಂಥ ಪಾಠಶಾಲೆ ಇನ್ನೊಂದಿಲ್ಲ. ನಮ್ಮೂರು ಸಮುದ್ರಮಟ್ಟದಿಂದ ಸುಮಾರು 1,600 ಅಡಿ ಎತ್ತರದಲ್ಲಿದೆ. ಪ್ರಮಾಣಿತ ವಾತಾವರಣದ ಲೆಕ್ಕದಲ್ಲಿ ಸಮುದ್ರಮಟ್ಟದಲ್ಲಿ 15 ಡಿಗ್ರಿ, ಪ್ರತಿ ಸಾವಿರ ಅಡಿಗೆ ಸುಮಾರು 2 ಡಿಗ್ರಿ ಇಳಿಕೆ. ಹಾಗಾಗಿ ಇಲ್ಲಿ ಇರಬೇಕಾದದ್ದು 12 ಡಿಗ್ರಿಯ ಆಸುಪಾಸು. ಏಪ್ರಿಲ್ ಮಧ್ಯಾಹ್ನ 40 ಡಿಗ್ರಿ ಎಂದುಕೊಳ್ಳಿ. ವ್ಯತ್ಯಾಸ 28 ಡಿಗ್ರಿ. ಡಿಗ್ರಿಗೆ 120 ಅಡಿಯಂತೆ 3,360 ಅಡಿ ಸೇರಿಸಿದರೆ ಡೆನ್ಸಿಟಿ ಆಲ್ಟಿಟ್ಯೂಡ್ 5,000 ಅಡಿಯ ಹತ್ತಿರ ಹೋಗುತ್ತದೆ. ಅಂದರೆ ನೆಲದ ಮೇಲೆ ನಿಂತಿರುವ ಸೆಸ್ನಾ 172 ಎಂಬ ಪುಟ್ಟ ತರಬೇತಿ ವಿಮಾನಕ್ಕೆ ತಾನು ಐದು ಸಾವಿರ ಅಡಿ ಎತ್ತರದ ತೆಳು ಗಾಳಿಯಲ್ಲಿದ್ದೇನೆ ಎನಿಸುತ್ತದೆ: ರನ್‌ವೇಯಲ್ಲಿ ಹೆಚ್ಚು ದೂರ ಓಡುತ್ತದೆ, ನಿಧಾನವಾಗಿ ಏರುತ್ತದೆ. ಈ ಲೆಕ್ಕ ಮಾಡಿದ ದಿನವೇ ಶಾಲೆಗಳಿಗೆ ಕೇಳಬೇಕಾದ ಪ್ರಶ್ನೆಗಳಲ್ಲಿ ಒಂದು ಸೇರಿಕೊಂಡಿತು: ಬೇಸಿಗೆಯಲ್ಲಿ ಬೆಳಿಗ್ಗೆ ಎಷ್ಟು ಗಂಟೆಗೆ ವಿಮಾನ ಹೊರಡಿಸುತ್ತೀರಿ?

ನ್ಯಾವಿಗೇಶನ್‌ಗೆ ಸಿದ್ಧ ಪ್ರಶ್ನೆಪತ್ರಿಕೆಗಳನ್ನು ಬಿಡಿಸುವುದರ ಜೊತೆಗೆ ನಮ್ಮ ಸೀಮೆಯ ನಕ್ಷೆಯನ್ನೇ ಹರಡಿಕೊಂಡಿದ್ದೇನೆ. ಸಿಪಿಎಲ್‌ಗೆ ಕನಿಷ್ಠ 300 ನಾಟಿಕಲ್ ಮೈಲಿಯ (ಒಂದು ನಾಟಿಕಲ್ ಮೈಲಿ ಎಂದರೆ ಸುಮಾರು 1.85 ಕಿ.ಮೀ.) ಒಂದು ಕ್ರಾಸ್‌ಕಂಟ್ರಿ, ಅಂದರೆ ಊರಿಂದೂರಿಗೆ ಹೋಗುವ ಹಾರಾಟ ಬೇಕು, ನಡುವೆ ಎರಡು ಬೇರೆ ನಿಲ್ದಾಣಗಳಲ್ಲಿ ಇಳಿದು ಪೂರ್ತಿ ನಿಲ್ಲಬೇಕು. ಕಾಗದದ ಮೇಲೆ ಕಲಬುರಗಿಯಿಂದ ತೋರಣಗಲ್ಲಿನ ವಿದ್ಯಾನಗರಕ್ಕೆ, ಅಲ್ಲಿಂದ ಬೆಳಗಾವಿಗೆ, ಮತ್ತೆ ಕಲಬುರಗಿಗೆ ಗೆರೆ ಎಳೆದೆ. ಕ್ರಮವಾಗಿ ಸುಮಾರು 130, 124, 160 ನಾಟಿಕಲ್ ಮೈಲಿ. 100 ನಾಟ್ ವೇಗದಲ್ಲಿ, ಅಂದರೆ ಗಂಟೆಗೆ 100 ನಾಟಿಕಲ್ ಮೈಲಿಯಂತೆ, ಎರಡನೇ ಹಂತಕ್ಕೆ ಸುಮಾರು ಒಂದೂಕಾಲು ಗಂಟೆ. ಪಶ್ಚಿಮದಿಂದ 15 ನಾಟ್ ಎದುರುಗಾಳಿ ಬಂದರೆ ಅದು ಒಂದೂವರೆ ಗಂಟೆಯ ಸಮೀಪಕ್ಕೆ ಬರುತ್ತದೆ, ಇಂಧನದ ಲೆಕ್ಕವೂ ಅದರ ಜೊತೆಗೆ ಬದಲಾಗುತ್ತದೆ. ದಿಕ್ಕು ಒಂದೇ ಡಿಗ್ರಿ ತಪ್ಪಿದರೆ 60 ಮೈಲಿಗೆ ಒಂದು ಮೈಲಿ ಪಕ್ಕಕ್ಕೆ. ವಿದ್ಯಾನಗರಕ್ಕೆ ಬರುವಷ್ಟರಲ್ಲಿ ಎರಡು ಮೈಲಿಗೂ ಹೆಚ್ಚು. ತುಂಗಭದ್ರಾ ಜಲಾಶಯ ಯಾವ ಕಡೆ ಕಾಣಬೇಕು, ಯಾವ ಹೊತ್ತಿಗೆ ಕಾಣಬೇಕು ಎಂದು ಗುರುತು ಹಾಕುತ್ತ ಕೂತರೆ ರಾತ್ರಿ ಹನ್ನೊಂದಾದದ್ದೂ ತಿಳಿಯುವುದಿಲ್ಲ. ಊಟದಷ್ಟೇ ರುಚಿ ಈ ಕೆಲಸಕ್ಕಿದೆ.

ಇನ್ನು ಸ್ಥಳ. ಅಮೆರಿಕದ ಯೋಚನೆಯನ್ನು ಕೈಬಿಟ್ಟಿದ್ದೇನೆ. ಅಲ್ಲಿ ಸಾಮಾನ್ಯ ದಾರಿಯಲ್ಲಿ 250 ಗಂಟೆ ಬೇಕು. ಮರಳಿ ಬಂದು ಭಾರತದ ಪರವಾನಗಿಗೆ ಪರಿವರ್ತಿಸಿಕೊಳ್ಳುವಾಗ ಇಲ್ಲಿನ ಪರೀಕ್ಷೆಗಳೂ ತಪ್ಪುವುದಿಲ್ಲ. ವೇಗವಾಗಿ ಮುಗಿಯುತ್ತದೆ ಎಂಬುದು ಅದರ ಪರವಾದ ಬಲವಾದ ಮಾತು, ಹಣದ ಅನುಕೂಲ ಇದ್ದವರಿಗೆ ಒಳ್ಳೆಯ ದಾರಿಯೇ. ಉತ್ತರ ಪ್ರದೇಶದ ಫುರ್ಸತ್‌ಗಂಜ್‌ನ ರಾಷ್ಟ್ರೀಯ ಅಕಾಡೆಮಿಗೆ ದೊಡ್ಡ ಹೆಸರಿದೆ, ಆದರೆ ಡಿಸೆಂಬರ್, ಜನವರಿಯ ಮಂಜು ಗಂಗಾ ಬಯಲಿನ ಯಾವ ಶಾಲೆಯನ್ನೂ ಬಿಡುವುದಿಲ್ಲ. ಬೆಂಗಳೂರಿನ ಜಕ್ಕೂರಿನ ಸರ್ಕಾರಿ ಶಾಲೆ ನಮ್ಮ ಬಳ್ಳಾರಿ ರಸ್ತೆಯಲ್ಲೇ ಇದೆ. ಆ ರಸ್ತೆಯ ಮೇಲ್ಸೇತುವೆಯಿಂದಾಗಿ ಅದರ ರನ್‌ವೇಗೆ ಅಡಚಣೆಯಾದದ್ದು ನನಗೆ ಈಗಲೂ ಬೇಸರದ ವಿಷಯ.

ಹಾಗಾಗಿ ಮನಸ್ಸು ಕಲಬುರಗಿಯ ಕಡೆಗಿದೆ. 2019ರ ನವೆಂಬರಿನಲ್ಲಿ ಆರಂಭವಾದ ಆ ನಿಲ್ದಾಣವನ್ನು 2021ರಲ್ಲಿ ಹಾರಾಟ ಶಾಲೆಗಳಿಗಾಗಿ ವಿಮಾನ ನಿಲ್ದಾಣ ಪ್ರಾಧಿಕಾರ ಆಯ್ಕೆ ಮಾಡಿದ ಐದು ನಿಲ್ದಾಣಗಳಲ್ಲಿ ಸೇರಿಸಲಾಯಿತು, ಬೆಳಗಾವಿಯೂ ಅದರಲ್ಲಿತ್ತು. ಮೂರು ಕಿಲೋಮೀಟರ್ ಮೀರಿದ ರನ್‌ವೇ, ಕರಾವಳಿಗೆ ಹೋಲಿಸಿದರೆ ಕಡಿಮೆ ಮಳೆ, ಬಳ್ಳಾರಿಯಿಂದ ಒಂದು ದಿನದ ದಾರಿಯೂ ಅಲ್ಲ. 2025ರಿಂದ ಡಿಜಿಸಿಎ ಶಾಲೆಗಳಿಗೆ ಶ್ರೇಣಿ ಕೊಡುತ್ತಿದೆ, ಅದನ್ನು ನೋಡುತ್ತೇನೆ. ಆದರೆ ಹಾರುವ ಸ್ಥಿತಿಯಲ್ಲಿರುವ ವಿಮಾನಗಳೆಷ್ಟು, ಬೋಧಕರೆಷ್ಟು, ಸಾಲಿನಲ್ಲಿ ಕಾಯುತ್ತಿರುವ ವಿದ್ಯಾರ್ಥಿಗಳೆಷ್ಟು ಎಂದು ಹ್ಯಾಂಗರ್ ಮುಂದೆ ನಿಂತೇ ಎಣಿಸಬೇಕು. ಅದನ್ನು ತೋರಿಸಲು ಹಿಂಜರಿಯುವ ಶಾಲೆಗೆ ಮುಂಗಡ ಕೊಡುವುದಿಲ್ಲ.

ಟೆಕ್ನಿಕಲ್ ಸ್ಪೆಸಿಫಿಕ್ ಪತ್ರಿಕೆಯನ್ನು ಬೇಕೆಂದೇ ಮುಂದಕ್ಕೆ ತಳ್ಳಿದ್ದೇನೆ. ಅದು ನಾವು ಹಾರುವ ವಿಮಾನದ ಮಾದರಿಗೆ ಸಂಬಂಧಿಸಿದ್ದು. ಶಾಲೆ ಸೆಸ್ನಾ ಇಟ್ಟಿದೆಯೋ, ಡೈಮಂಡ್ ಇಟ್ಟಿದೆಯೋ ಗೊತ್ತಾಗದೆ ಓದಿ ಪ್ರಯೋಜನವಿಲ್ಲ. ಏರ್‌ಬಸ್ ಅಥವಾ ಬೋಯಿಂಗ್ ಟೈಪ್ ರೇಟಿಂಗ್, ಅಂದರೆ ಆ ಮಾದರಿಯ ದೊಡ್ಡ ವಿಮಾನ ಹಾರಿಸುವ ಅರ್ಹತೆ, ಇನ್ನೂ ದೂರದ ಮಾತು. ಯಾವ ಸಂಸ್ಥೆ ಕೆಲಸಕ್ಕೆ ಕರೆಯುತ್ತದೆ ಎಂಬುದು ಖಚಿತವಾಗದೆ ಅದಕ್ಕೆ ಕೈಹಾಕುವುದಿಲ್ಲ.

ಮುಂದಿನ ಕೆಲಸ: ನ್ಯಾವಿಗೇಶನ್ ಪರೀಕ್ಷೆ, ರೇಡಿಯೋ ಟೆಲಿಫೋನಿಯ (ನಿಯಂತ್ರಣ ಗೋಪುರದೊಂದಿಗೆ ರೇಡಿಯೋ ಮಾತುಕತೆ) ಅಭ್ಯಾಸ ಆರಂಭ, ಸಾಲದ ಕಾಗದಪತ್ರಗಳೊಂದಿಗೆ ಬ್ಯಾಂಕಿನ ಭೇಟಿ, ನಂತರ ಕಲಬುರಗಿಗೆ ಬಸ್.